ಹದಿನೇಳರ ಹರೆಯದ ಭೀಮರು

ವಯಸ್ಸು ಹದಿನೇಳು, ಎತ್ತರ ಆರಡಿ ಮೂರಂಗುಲ, ತೂಕ ಇನ್ನೂರು ಪೌಂಡಿಗೂ ಮೇಲೆ. ಹುಡುಗನು ಕಣಕ್ಕೆ ಇಳಿದನೆಂದರೆ ಎದುರಾಳಿಗಳು ಅಂಚಿಗೆ ಸರಿದು ದಾರಿ ಬಿಡುತ್ತಾರೆ. ಅವನು ಮೈಯಿಂದ ಹಾಯ್ದ ಸದ್ದು ಮೇಲಿನ ಸಾಲಿನಲ್ಲಿ ಕುಳಿತವರಿಗೂ ಕೇಳಿಸುತ್ತದೆ. ಪ್ರೇಕ್ಷಕರು ಎದ್ದು ನಿಂತು ಅರಚುತ್ತಾರೆ. ಇಂಥವನು ಇನ್ನು ಐದಾರು ವರ್ಷಗಳಲ್ಲಿ ಏನಾದಾನು? ಲಕ್ಷಾಂತರ ಡಾಲರು ಸಂಭಾವನೆ ಪಡೆಯುವ ಹೆಸರುವಾಸಿ ಆಟಗಾರನಾದಾನೋ, ಯಾವುದೋ ಸಣ್ಣ ಊರಿನ ತಂಡದೊಡನೆ ಬಸ್ಸಿನಲ್ಲಿ ಅಲೆದಲೆದು ಸವೆದಾನೋ, ಅಥವಾ ಇಪ್ಪತ್ತೊಂದಕ್ಕೇ ಆಟದ ಆಸೆ ತೊರೆದು ಬೇರೊಂದು ಕಸುಬು ಹಿಡಿದಾನೋ? ಕೆನಡಾ ದೇಶದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕುವುದನ್ನೇ ಜೀವನೋಪಾಯ ಮಾಡಿಕೊಂಡವರು ನೂರಾರು ಮಂದಿ ಇದ್ದಾರೆ. ಅವರ ಉತ್ತರವು ಎಷ್ಟೋ ಸಲ ಸರಿಯಾಗುತ್ತದೆ. ಎಷ್ಟೋ ಸಲ ತಪ್ಪುತ್ತದೆ. ತಪ್ಪಿದಾಗ ನಷ್ಟವು ಉತ್ತರ ಹೇಳಿದವರದಲ್ಲ, ಆ ಹುಡುಗನದು.

ಹಾಕಿ ಎಂದೊಡನೆ ಕೊಡಗಿನ ಮೈದಾನಗಳನ್ನೋ ಧ್ಯಾನ್‌ಚಂದರ ಕೋಲಿನ ಚಮತ್ಕಾರವನ್ನೋ ನೆನೆಯುವ ಕನ್ನಡಿಗರಿಗೆ ಕೆನಡಾದ ಹಾಕಿಯು ಬೇರೊಂದು ಲೋಕವೆನಿಸೀತು. ಅದು ನಡೆಯುವುದು ಮಂಜುಗಡ್ಡೆಯ ಮೇಲೆ. ಇನ್ನೂರಡಿ ಉದ್ದ, ಎಂಬತ್ತೈದು ಅಡಿ ಅಗಲದ ಕಣ. ಸುತ್ತಲೂ ಹಲಗೆಯ ಗೋಡೆ, ಅದರ ಮೇಲೆ ದಪ್ಪನೆಯ ಗಾಜು. ಪಕ್ಷವೊಂದಕ್ಕೆ ಗೋಲು ಕಾಯುವವನಲ್ಲದೆ ಐವರು ಆಟಗಾರರು. ಚೆಂಡಿನ ಬದಲು ಮೂರಂಗುಲ ಅಡ್ಡಳತೆಯ, ಒಂದಂಗುಲ ದಪ್ಪದ ರಬ್ಬರಿನ ಬಿಲ್ಲೆ. ಅದಕ್ಕೆ ‘ಪಕ್’ ಎಂದು ಹೆಸರು. ಕಾಲಿನಲ್ಲಿ ಉಕ್ಕಿನ ಅಲಗುಳ್ಳ ಸ್ಕೇಟುಗಳನ್ನು ಕಟ್ಟಿಕೊಂಡ ಆಟಗಾರರು ಓಡುವ ಕುದುರೆಯ ವೇಗದಲ್ಲಿ ಜಾರುತ್ತಾರೆ. ಎಲ್ಲಕ್ಕಿಂತ ಮುಖ್ಯವಾದ ಭೇದವೊಂದಿದೆ. ನಮ್ಮ ಹಾಕಿಯಲ್ಲಿ ಎದುರಾಳಿಯ ಮೈಗೆ ಮೈ ತಗುಲಿಸಿದರೆ ತಪ್ಪು. ಅಲ್ಲಿ ಪಕ್ ಹೊಂದಿರುವವನನ್ನು ಭುಜದಿಂದಲೋ ಸೊಂಟದಿಂದಲೋ ಗುದ್ದಿ ಕೆಡಹುವುದು ನಿಯಮಕ್ಕೆ ಒಪ್ಪಿದ ವಿದ್ಯೆ. ಆದುದರಿಂದಲೇ ದೇಹಬಲವುಳ್ಳ ಹುಡುಗನಿಗೆ ಅಲ್ಲಿ ಒಂದು ಬೆಲೆ. ಆ ಬೆಲೆ ಎಷ್ಟು ಎಂಬುದೇ ಇಲ್ಲಿನ ಕಥೆ.

ಎಳೆಯ ಮಕ್ಕಳಿಗೆ ಈ ಗುದ್ದಾಟವಿಲ್ಲ. ಹನ್ನೊಂದು ಹನ್ನೆರಡು ವರ್ಷದವರ ಆಟದಲ್ಲಿಯೂ ಅದಕ್ಕೆ ಅವಕಾಶವಿತ್ತು; ಪೆಟ್ಟುಗಳು ಹೆಚ್ಚಾದುವೆಂದು ‘ಹಾಕಿ ಕೆನಡಾ’ ಸಂಸ್ಥೆಯು ೨೦೧೩ರಲ್ಲಿ ಅದನ್ನು ತೆಗೆದುಹಾಕಿತು. ಹಾಗಾಗಿ ಹದಿಮೂರು ಹದಿನಾಲ್ಕರ ಪ್ರಾಯಕ್ಕೆ, ಅಂದರೆ ಹುಡುಗರ ಮೈ ಒಬ್ಬೊಬ್ಬರದು ಒಂದೊಂದು ವೇಗದಲ್ಲಿ ಬೆಳೆಯುವ ಹೊತ್ತಿಗೆ ಸರಿಯಾಗಿ, ಗುದ್ದುವ ಸ್ವಾತಂತ್ರ್ಯ ಸಿಗುತ್ತದೆ. ಒಂದೇ ತರಗತಿಯಲ್ಲಿ ಮೀಸೆ ಮೂಡಿದವನೂ ಹಾಲುಗಲ್ಲದವನೂ ಒಟ್ಟಿಗೆ ಕುಳಿತಿರುವುದನ್ನು ಕಂಡ ಯಾವ ತಂದೆತಾಯಿಗಾದರೂ ಈ ಸಂದರ್ಭದ ವಿಚಿತ್ರವು ತಿಳಿದೀತು.

ಹದಿನಾರರಿಂದ ಇಪ್ಪತ್ತರವರೆಗಿನ ಹುಡುಗರಿಗಾಗಿ ಕೆನಡಾದಲ್ಲಿ ಮೂರು ದೊಡ್ಡ ಜೂನಿಯರ್ ಲೀಗುಗಳಿವೆ: ಪಶ್ಚಿಮದ್ದೊಂದು, ಒಂಟಾರಿಯೋ ಪ್ರಾಂತದ್ದೊಂದು, ಕ್ವಿಬೆಕ್ ಮತ್ತು ಪೂರ್ವ ಕರಾವಳಿಯದೊಂದು. ಗಡಿಯಾಚೆಯ ಅಮೆರಿಕದ ಕೆಲವು ಊರುಗಳ ತಂಡಗಳೂ ಇವುಗಳಲ್ಲಿ ಸೇರಿವೆ. ಹುಡುಗನು ಹದಿನಾರಕ್ಕೇ ಮನೆ ಬಿಟ್ಟು ನೂರಾರು ಮೈಲಿ ದೂರದ ಊರಿಗೆ ಹೋಗಿ, ಅಲ್ಲಿ ಯಾರದೋ ಮನೆಯಲ್ಲಿ ಮಗನಂತೆ ಉಳಿದುಕೊಂಡು, ಹಗಲು ಶಾಲೆ, ಸಂಜೆ ಆಟ, ರಾತ್ರಿಯೆಲ್ಲ ಬಸ್ಸಿನ ಪ್ರಯಾಣ ಎಂದು ದಿನ ಕಳೆಯುತ್ತಾನೆ. ಇದೆಲ್ಲ ಏತಕ್ಕೆಂದರೆ, ಜೂನ್ ತಿಂಗಳಲ್ಲಿ ನಡೆಯುವ ಆಯ್ಕೆಯ ದಿನಕ್ಕಾಗಿ.

‘ಡ್ರಾಫ್ಟ್’ ಎಂದು ಕರೆಯಲಾಗುವ ಈ ಆಯ್ಕೆಯನ್ನು ನಡೆಸುವುದು ನ್ಯಾಷನಲ್ ಹಾಕಿ ಲೀಗ್. ಮೊದಲ ಸಲ ೧೯೬೩ರಲ್ಲಿ ಮಾಂಟ್ರಿಯಲ್ ನಗರದ ಹೋಟೆಲೊಂದರಲ್ಲಿ ಇದು ನಡೆದಾಗ ಆರಿಸಲ್ಪಟ್ಟವರು ೨೧ ಮಂದಿ. ಈಗ ೩೨ ತಂಡಗಳು ಏಳು ಸುತ್ತುಗಳಲ್ಲಿ ೨೨೪ ಮಂದಿಯನ್ನು ಆರಿಸುತ್ತವೆ. ಮೊದಲ ಸುತ್ತಿನಲ್ಲಿ ಹೆಸರು ಕರೆಸಿಕೊಂಡವನಿಗೆ ಬಾಗಿಲು ಅರ್ಧ ತೆರೆದಂತೆ. ಕೊನೆಯ ಸುತ್ತುಗಳಲ್ಲಿ ಬಂದವರಲ್ಲಿ ಬಹುಮಂದಿ ಆ ದೊಡ್ಡ ಲೀಗಿನ ಕಣವನ್ನು ತುಳಿಯುವುದೇ ಇಲ್ಲ.

ಗುದ್ದಿನ ಆಚೆಗೆ ನೋಡುವವರು

ಊರೂರು ತಿರುಗಿ ಇಂಥ ಹುಡುಗರನ್ನು ನೋಡಿ ವರದಿ ಒಪ್ಪಿಸುವವರಿಗೆ ‘ಸ್ಕೌಟ್’ ಎಂದು ಹೆಸರು. ಖಾಕಿ ಸಮವಸ್ತ್ರದ ಬಾಲಕರ ಸ್ಕೌಟ್ ದಳಕ್ಕೂ ಇವರಿಗೂ ಸಂಬಂಧವಿಲ್ಲ. ಚಳಿಗಾಲದುದ್ದಕ್ಕೂ ಹಿಮ ಬಿದ್ದ ದಾರಿಯಲ್ಲಿ ಕಾರೋಡಿಸಿಕೊಂಡು ಹೋಗಿ, ಕಣದ ಮೂಲೆಯ ಮೇಲಿನ ಸಾಲಿನಲ್ಲಿ ಕಾಫಿಯ ಲೋಟ ಹಿಡಿದು ಕುಳಿತು, ಗೋಲಾದಾಗಲೂ ಚಪ್ಪಾಳೆ ತಟ್ಟದೆ ಟಿಪ್ಪಣಿ ಬರೆಯುವ ಜನ ಇವರು. ನಮ್ಮ ಕಡೆ ಜಾತ್ರೆಯಲ್ಲಿ ಎತ್ತು ಕೊಳ್ಳಲು ಹೋದ ಅನುಭವಸ್ಥ ರೈತನು ಮೈಕಟ್ಟಿಗೆ ಮರುಳಾಗದೆ ಹಲ್ಲು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡುವುದಿಲ್ಲವೆ? ಹೋಲಿಕೆಯು ಒರಟೆನಿಸಬಹುದು, ಆದರೆ ಕೆಲಸದ ರೀತಿ ಅದೇ.

ಬಲಿಷ್ಠನಾದ ಹುಡುಗನ ವಿಷಯದಲ್ಲಿ ಇವರಿಗೆ ಎದುರಾಗುವ ತೊಡಕು ಒಂದು ಸರಳ ಸಂಗತಿಯಿಂದ ಹುಟ್ಟುತ್ತದೆ. ಹದಿನೇಳಕ್ಕೇ ಪೂರ್ಣ ಗಂಡಸಿನ ಮೈ ಪಡೆದವನು ಇನ್ನೂ ಬೆಳೆಯುತ್ತಿರುವ ಹುಡುಗರ ನಡುವೆ ಆಡುತ್ತಾನೆ. ಅವನ ಗುದ್ದಿಗೆ ಎಲ್ಲರೂ ಬೀಳುತ್ತಾರೆ. ಆದರೆ ನಾಲ್ಕು ವರ್ಷ ಕಳೆದು ವೃತ್ತಿಯ ಆಟಕ್ಕೆ ಹೋದಾಗ ಎದುರಿಗೆ ನಿಲ್ಲುವವರೆಲ್ಲರೂ ಅವನಷ್ಟೇ ಭಾರದವರು, ಅವನಿಗಿಂತ ಹಳಬರು. ಅದುವರೆಗೆ ಅವನ ಬಂಡವಾಳವಾಗಿದ್ದುದು ಅಲ್ಲಿ ಎಲ್ಲರ ಕೈಯಲ್ಲಿಯೂ ಇರುತ್ತದೆ. ಆಗ ಉಳಿಯುವುದೇನು? ಅದನ್ನೇ ಸ್ಕೌಟು ಮೊದಲು ಕಂಡುಹಿಡಿಯಬೇಕು.

ಆದುದರಿಂದ ಬಲ್ಲವನಾದ ಸ್ಕೌಟನು ಗುದ್ದನ್ನು ನೋಡುವುದಕ್ಕಿಂತ ಅದರ ಹಿಂದುಮುಂದನ್ನು ನೋಡುತ್ತಾನೆ. ಎದುರಾಳಿಯ ಬಳಿಗೆ ಹುಡುಗನು ತಲುಪಿದ್ದು ಹೇಗೆ? ಅವನ ದಾರಿಯನ್ನು ಮೊದಲೇ ಊಹಿಸಿ, ಓರೆಯಾಗಿ ಹೋಗಿ, ಗೋಡೆಯ ಕಡೆಗೆ ಒತ್ತಿದನೋ, ಅಥವಾ ಅರ್ಧ ಕಣ ಓಡಿಬಂದು ಅಪ್ಪಳಿಸಿದನೋ? ಮೊದಲನೆಯದು ಬುದ್ಧಿ, ಎರಡನೆಯದು ಬರಿಯ ರಭಸ. ಬೀಳಿಸಿದ ಮೇಲೆ ಪಕ್ಕನ್ನು ತನ್ನ ಕೋಲಿಗೆ ತೆಗೆದುಕೊಂಡನೋ, ಬಿದ್ದವನನ್ನು ನೋಡುತ್ತ ನಿಂತನೋ? ಗುದ್ದಿನ ಉದ್ದೇಶ ಪಕ್ಕನ್ನು ಪಡೆಯುವುದು ತಾನೆ? ಪ್ರೇಕ್ಷಕರು ಇದನ್ನು ಮರೆಯಬಹುದು, ಹುಡುಗನು ಮರೆತರೆ ನಡೆಯದು. ಗುದ್ದಲು ಹೋಗಿ ತಪ್ಪಿದರೆ ತನ್ನ ಸ್ಥಾನಕ್ಕೆ ಮರಳಲು ಎಷ್ಟು ಹೊತ್ತು ಹಿಡಿಯಿತು? ತಾನು ಪೆಟ್ಟು ತಿಂದಾಗ ಏನು ಮಾಡಿದನು?

ಎಲ್ಲಕ್ಕಿಂತ ಹೆಚ್ಚಾಗಿ ಕಾಲು. ನಿಂತಲ್ಲಿಂದ ಮೊದಲ ಮೂರು ಹೆಜ್ಜೆಗಳಲ್ಲಿ ವೇಗ ಹಿಡಿಯಬಲ್ಲನೆ? ಹಿಂದಕ್ಕೆ ಜಾರುತ್ತಿರುವಾಗ ಎದುರಾಳಿ ಪಕ್ಕಕ್ಕೆ ನುಸುಳಿದರೆ ಸೊಂಟ ತಿರುಗಿಸಬಲ್ಲನೆ? ಎತ್ತರದ ಹುಡುಗರಿಗೆ ಇದು ಕಷ್ಟ. ಒಂದೇ ವರ್ಷದಲ್ಲಿ ನಾಲ್ಕಂಗುಲ ಬೆಳೆದವನಿಗೆ ತನ್ನ ಕೈಕಾಲುಗಳೇ ಅಪರಿಚಿತವಾಗಿಬಿಟ್ಟಿರುತ್ತವೆ. ಅಂಥವನ ತೊಡರುನಡೆ ಮುಂದೆ ತಿದ್ದಿಕೊಂಡೀತೋ ಹಾಗೆಯೇ ನಿಂತೀತೋ ಎಂಬುದನ್ನು ಹೇಳುವುದೇ ಈ ಕಸುಬಿನಲ್ಲಿ ಅತ್ಯಂತ ಕಠಿಣವಾದ ಭಾಗ. ಅದಕ್ಕಾಗಿ ಹುಡುಗನ ತಂದೆತಾಯಿಯರ ಎತ್ತರವನ್ನೂ ವಿಚಾರಿಸುವುದುಂಟು. ಅವನು ಉಳಿದುಕೊಂಡ ಮನೆಯವರನ್ನು, ಶಾಲೆಯ ಉಪಾಧ್ಯಾಯರನ್ನು ಕೇಳುವುದುಂಟು.

ಜನ್ಮದಿನವೂ ಒಂದು ಲೆಕ್ಕ. ಸೆಪ್ಟೆಂಬರ್ ೧೫ರೊಳಗೆ ಹದಿನೆಂಟು ತುಂಬುವವನು ಆ ವರ್ಷದ ಆಯ್ಕೆಗೆ ಅರ್ಹ. ಒಂದೇ ದಿನ ತಡವಾಗಿ ಹುಟ್ಟಿದವನು ಮರುವರ್ಷದವರೆಗೆ ಕಾಯಬೇಕು. ಬಾಲ್ಯದ ತಂಡಗಳಲ್ಲಾದರೋ ಜನವರಿ ಒಂದರಿಂದ ಗುಂಪು ಕಟ್ಟುವ ಪದ್ಧತಿ. ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರಿನಲ್ಲಿ ಹುಟ್ಟಿದವನಿಗೂ ಹೆಚ್ಚುಕಡಮೆ ಒಂದು ವರ್ಷದ ಅಂತರ; ಹತ್ತು ವರ್ಷದ ಮಕ್ಕಳಲ್ಲಿ ಅದು ಸಣ್ಣ ಅಂತರವಲ್ಲ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಅವರ ಸಂಗಡಿಗರು ೧೯೮೫ರಲ್ಲಿಯೇ ಇದನ್ನು ಎತ್ತಿ ತೋರಿಸಿದರು: ದೊಡ್ಡ ತಂಡಗಳ ಪಟ್ಟಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿಕೊಂಡಿದ್ದರು. ೨೦೧೩ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು ೧೯೮೦ರಿಂದ ೨೦೦೭ರವರೆಗೆ ಆಯ್ಕೆಯಾದವರನ್ನು ಪರಿಶೀಲಿಸಿ ಮತ್ತೂ ಸ್ವಾರಸ್ಯವಾದ ಮಾತು ಹೇಳಿತು: ವರ್ಷದ ಉತ್ತರಾರ್ಧದಲ್ಲಿ ಹುಟ್ಟಿದ ಹುಡುಗರನ್ನು ತಂಡಗಳು ಅವರ ಯೋಗ್ಯತೆಗಿಂತ ತಡವಾಗಿ ಆರಿಸಿದ್ದುವು, ನಾನೂರು ಪಂದ್ಯಗಳಷ್ಟು ದೀರ್ಘಕಾಲ ಉಳಿಯುವ ಸಂಭವ ಅವರಲ್ಲಿಯೇ ಹೆಚ್ಚಾಗಿತ್ತು. ಅಂದರೆ, ಪಳಗಿದ ಕಣ್ಣುಗಳು ಕೂಡ ಬೇಗ ಬೆಳೆದ ಮೈಯನ್ನು ಪ್ರತಿಭೆಯೆಂದು ಓದಿಬಿಡುತ್ತಿದ್ದುವು.

ಒಂದು ಸಲವೂ ಮೇಲೇಳದ ಹುಡುಗ

ಆಯ್ಕೆಗೆ ಮುಂಚೆ ಹುಡುಗರ ದೇಹಪರೀಕ್ಷೆಯೊಂದು ನಡೆಯುತ್ತದೆ. ಸೈಕಲ್ ಯಂತ್ರದ ಮೇಲೆ ಉಸಿರು ಕಟ್ಟುವವರೆಗೆ ತುಳಿಸುತ್ತಾರೆ, ನೆಗೆಸುತ್ತಾರೆ, ಮುಷ್ಟಿಯ ಬಿಗಿತ ಅಳೆಯುತ್ತಾರೆ, ಅಡ್ಡಕಂಬಿಗೆ ಜೋತುಬಿದ್ದು ಗಲ್ಲ ಮುಟ್ಟುವಂತೆ ಮೇಲೇಳಲು ಹೇಳುತ್ತಾರೆ. ೨೦೧೪ರಲ್ಲಿ ಟೊರಾಂಟೋದಲ್ಲಿ ನಡೆದ ಪರೀಕ್ಷೆಗೆ ಕಿಂಗ್‌ಸ್ಟನ್ ತಂಡದ ಸ್ಯಾಮ್ ಬೆನೆಟ್ ಎಂಬ ಹುಡುಗನು ಬಂದಿದ್ದನು. ಉತ್ತರ ಅಮೆರಿಕದ ಹುಡುಗರ ಪಟ್ಟಿಯಲ್ಲಿ ಮೊದಲನೆಯ ಹೆಸರು ಅವನದು. ಅಡ್ಡಕಂಬಿಯಲ್ಲಿ ಅವನು ಎಷ್ಟು ಸಲ ಮೇಲೆದ್ದನು? ಒಂದು ಸಲವೂ ಇಲ್ಲ. ಪತ್ರಿಕೆಗಳಿಗೆ ಅದೊಂದು ಹಬ್ಬವಾಯಿತು. ಆದರೂ ಕ್ಯಾಲ್ಗರಿ ತಂಡವು ಅವನನ್ನು ನಾಲ್ಕನೆಯವನಾಗಿ ಆರಿಸಿತು. ಹನ್ನೊಂದು ವರ್ಷಗಳ ತರುವಾಯ, ೨೦೨೫ರಲ್ಲಿ, ಫ್ಲಾರಿಡಾ ತಂಡವು ಸ್ಟ್ಯಾನ್ಲಿ ಕಪ್ ಗೆದ್ದಾಗ ಆ ಸ್ಪರ್ಧೆಯ ಅತ್ಯುತ್ತಮ ಆಟಗಾರನೆಂಬ ಕಾನ್ ಸ್ಮಿತ್ ಪ್ರಶಸ್ತಿ ಸಂದದ್ದು ಇದೇ ಬೆನೆಟ್‌ಗೆ. ಮೈಗೆ ಮೈ ಕೊಟ್ಟು ಆಡುವುದರಲ್ಲಿ ಅಷ್ಟು ಹೊತ್ತಿಗೆ ಅವನು ಲೀಗಿನಲ್ಲೆಲ್ಲ ಹೆಸರಾದವನು. ಹದಿನೇಳರ ತೋಳನ್ನು ಅಳೆದು ಇಪ್ಪತ್ತೆಂಟರ ತೋಳನ್ನು ಹೇಳಲಾಗದು.

ವ್ಯಾಂಕೂವರ್ ನಗರದ ಮಿಲಾನ್ ಲೂಚಿಚ್‌ನದು ಇನ್ನೊಂದು ಬಗೆ. ಸರ್ಬಿಯಾ ಮೂಲದ ಕುಟುಂಬದ ಮಗ. ಹದಿನೈದರ ಹೊತ್ತಿಗೆ ಬೆನ್ನೆಲುಬಿನ ಬೇನೆಯೊಂದರಿಂದ ಬೆನ್ನು ತುಸು ಬಾಗಿ, ನಿಲುವೇ ಸೊಟ್ಟಗೆ ಕಾಣುತ್ತಿತ್ತು. ಆ ವಯಸ್ಸಿನ ಹುಡುಗರನ್ನು ಪಶ್ಚಿಮದ ಜೂನಿಯರ್ ತಂಡಗಳು ಆರಿಸಿಕೊಂಡಾಗ ಅವನ ಹೆಸರನ್ನು ಒಬ್ಬರೂ ಕರೆಯಲಿಲ್ಲ. ಕೆಳಗಿನ ದರ್ಜೆಯ ತಂಡದಲ್ಲಿ ಆಡಿ, ತನ್ನ ಊರಿನ ಜೈಂಟ್ಸ್ ತಂಡಕ್ಕೆ ಹೇಗೋ ಸೇರಿಕೊಂಡನು. ಮೊದಲ ಪೂರ್ಣ ವರ್ಷ ೬೨ ಪಂದ್ಯಗಳಲ್ಲಿ ಒಂಬತ್ತೇ ಗೋಲು. ಎದುರಾಳಿಗಳನ್ನು ಕೆಡಹುವುದರಲ್ಲಿ ಮಾತ್ರ ಅವನಿಗೆ ಎಣೆಯಿರಲಿಲ್ಲ. ಬಾಸ್ಟನ್ ತಂಡದವರು ೨೦೦೬ರಲ್ಲಿ ಅವನನ್ನು ಐವತ್ತನೆಯವನಾಗಿ ಆರಿಸಿದರು. ಮರುವರ್ಷ ಅವನು ಹೊಡೆದದ್ದು ಮೂವತ್ತು ಗೋಲು! ಜೂನಿಯರ್ ಆಟದ ಅತ್ಯುನ್ನತ ಪಾರಿತೋಷಕವಾದ ಮೆಮೋರಿಯಲ್ ಕಪ್ಪನ್ನು ಜೈಂಟ್ಸ್ ತಂಡವು ತನ್ನ ಊರಿನಲ್ಲಿಯೇ ಗೆದ್ದುಕೊಂಡಿತು. ಅತ್ಯುತ್ತಮ ಆಟಗಾರನೆಂಬ ಮನ್ನಣೆ ಅವನಿಗೆ. ೨೦೧೧ರಲ್ಲಿ ಬಾಸ್ಟನ್ ತಂಡವು ಸ್ಟ್ಯಾನ್ಲಿ ಕಪ್ ಗೆದ್ದದ್ದು ಅದೇ ವ್ಯಾಂಕೂವರಿನಲ್ಲಿ, ಅವನ ಹುಟ್ಟೂರಿನ ತಂಡವನ್ನೇ ಸೋಲಿಸಿ. ಆ ವರ್ಷವೂ ಲೂಚಿಚ್‌ನ ಗೋಲುಗಳು ಮೂವತ್ತು.

ಇಲ್ಲಿ ಗಮನಿಸಬೇಕಾದುದು, ಒಂಬತ್ತರಿಂದ ಮೂವತ್ತಕ್ಕೆ ಏರಿದ ಆ ಒಂದು ವರ್ಷ. ಗುದ್ದಾಟವು ಅವನಿಗೆ ಕಣದಲ್ಲಿ ಒಂದು ಜಾಗ ಮಾಡಿಕೊಟ್ಟಿತು. ಆ ಜಾಗದಲ್ಲಿ ನಿಂತು ಏನು ಮಾಡಬೇಕೆಂಬುದನ್ನು ಅವನ ಕೈಗಳು ಕಲಿತುವು. ಕೈಗಳು ಕಲಿಯದಿದ್ದರೆ?

ನ್ಯೂಯಾರ್ಕ್ ತಂಡದ ಒಂದು ಬೇಸಗೆ

೨೦೧೦ರ ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ರೇಂಜರ್ಸ್ ತಂಡದವರು ಹತ್ತನೆಯ ಆಯ್ಕೆಗೆ ಎದ್ದು ನಿಂತು ಡಿಲನ್ ಮ್ಯಾಕಿಲ್ರಾತ್ ಎಂಬ ಹೆಸರನ್ನು ಕರೆದರು. ವಿನಿಪೆಗ್ ನಗರದವನು, ಮೂಸ್ ಜಾ ಎಂಬ ಊರಿನ ಜೂನಿಯರ್ ತಂಡದ ರಕ್ಷಣಾ ಆಟಗಾರ. ಎತ್ತರ ಆರಡಿ ಐದಂಗುಲ. ಅವನೊಡನೆ ಸೆಣಸಲು ಪಶ್ಚಿಮದ ಲೀಗಿನಲ್ಲಿ ಹುಡುಗರು ಅಂಜುತ್ತಿದ್ದರು. ಆಗ ವ್ಲಾಡಿಮಿರ್ ಟರಸೆಂಕೋ ಎಂಬ ರಷ್ಯದ ಹುಡುಗನು ಇನ್ನೂ ಪಟ್ಟಿಯಲ್ಲಿದ್ದನು. ಅವನು ಹದಿನಾರನೆಯವನಾಗಿ ಸೇಂಟ್ ಲೂಯಿಸ್ ತಂಡಕ್ಕೆ ಹೋದನು. ತರುವಾಯ ಟರಸೆಂಕೋ ಸತತವಾಗಿ ಐದು ವರ್ಷ ಮೂವತ್ತಕ್ಕೂ ಹೆಚ್ಚು ಗೋಲು ಹೊಡೆದು, ೨೦೧೯ರಲ್ಲಿ ಸ್ಟ್ಯಾನ್ಲಿ ಕಪ್ ಎತ್ತಿದನು. ಮ್ಯಾಕಿಲ್ರಾತ್‌ಗೆ ಆ ದೊಡ್ಡ ಲೀಗಿನಲ್ಲಿ ದೊರೆತ ಪಂದ್ಯಗಳು ನೂರನ್ನು ಮುಟ್ಟಲಿಲ್ಲ. ಮೊಣಕಾಲಿನ ಪೆಟ್ಟು ಒಂದು ಕಾರಣ. ಆಟದ ವೇಗವೇ ಏರಿಹೋದದ್ದು ಮತ್ತೊಂದು. ರಷ್ಯದ ಹುಡುಗರು ತಮ್ಮ ದೇಶದಲ್ಲಿಯೇ ಉಳಿದುಬಿಟ್ಟಾರೆಂಬ ಭಯವು ಆಗ ತಂಡಗಳಿಗಿದ್ದುದೂ ನಿಜ. ರೇಂಜರ್ಸ್ ತಂಡದವರನ್ನು ಹಂಗಿಸುವವರು ಇದನ್ನು ಮರೆಯಬಾರದು.

ಆದರೆ ಮ್ಯಾಕಿಲ್ರಾತ್‌ನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಎರಡನೆಯ ದರ್ಜೆಯದಾದ ಅಮೆರಿಕನ್ ಹಾಕಿ ಲೀಗಿನಲ್ಲಿ ವರ್ಷವರ್ಷವೂ ಆಡುತ್ತ, ಚಾಕೊಲೇಟಿಗೆ ಹೆಸರಾದ ಹರ್ಷಿ ಊರಿನ ತಂಡಕ್ಕೆ ನಾಯಕನಾದನು. ಅವನ ತಂಡವು ೨೦೨೩ ಮತ್ತು ೨೦೨೪ರಲ್ಲಿ ಸತತವಾಗಿ ಆ ಲೀಗಿನ ಕಾಲ್ಡರ್ ಕಪ್ ಗೆದ್ದಿತು. ಆಟದಿಂದಲೇ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಂಸಾರ ನಡೆಸಿದವನನ್ನು ಸೋತವನೆನ್ನಬಹುದೆ? ಹತ್ತನೆಯ ಆಯ್ಕೆಯೆಂಬ ಹಣೆಪಟ್ಟಿ ಇಲ್ಲದಿದ್ದರೆ ಯಾರೂ ಹಾಗೆನ್ನುತ್ತಿರಲಿಲ್ಲ. ಹುಡುಗನೊಬ್ಬನು ವೃತ್ತಿಗೆ ತಕ್ಕವನೆ ಎಂದು ಕೇಳುವಾಗ ಯಾವ ಮೆಟ್ಟಲಿನ ವೃತ್ತಿ ಎಂದೂ ಕೇಳಬೇಕಾಗುತ್ತದೆ.

ಅದೇ ಬೇಸಗೆಯಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಅದೇ ತಂಡವು ಇನ್ನೊಬ್ಬ ದೈತ್ಯನೊಡನೆ ನಾಲ್ಕು ವರ್ಷಗಳ, ೬೫ ಲಕ್ಷ ಡಾಲರುಗಳ ಕರಾರಿಗೆ ಸಹಿ ಹಾಕಿತು. ಡೆರೆಕ್ ಬೂಗಾರ್ಡ್ ಅವನ ಹೆಸರು. ಎತ್ತರ ಆರಡಿ ಏಳಂಗುಲ; ತೂಕ ೨೬೫ ಪೌಂಡು.

ಬೂಗಾರ್ಡನು ಸಸ್ಕಾಚೆವನ್ ಪ್ರಾಂತದ ಬಯಲುಸೀಮೆಯ ಸಣ್ಣ ಊರುಗಳಲ್ಲಿ ಬೆಳೆದವನು. ತಂದೆ ಪೊಲೀಸ್ ಅಧಿಕಾರಿ. ಸಹಪಾಠಿಗಳಿಗಿಂತ ಒಂದು ತಲೆ ಎತ್ತರ, ಸ್ಕೇಟಿಂಗಿನಲ್ಲಿ ಹಿಂದು, ಕೋಲು ಹಿಡಿದರೆ ಒಡ್ಡು. ಹದಿಹರೆಯದಲ್ಲಿ ಒಂದು ದಿನ ಪಂದ್ಯದ ನಡುವೆ ಸಿಟ್ಟು ನೆತ್ತಿಗೇರಿ, ಎದುರು ತಂಡದವರು ಕುಳಿತಿದ್ದ ಬೆಂಚಿಗೇ ನುಗ್ಗಿ ಎಲ್ಲರ ಮೇಲೂ ಕೈ ಬೀಸಿದನು. ಪ್ರೇಕ್ಷಕರಲ್ಲಿ ರಿಜೈನಾ ಪ್ಯಾಟ್ಸ್ ಎಂಬ ಜೂನಿಯರ್ ತಂಡದ ಕಡೆಯವರಿದ್ದರು. ಬೇರೆ ಯಾರಾದರೂ ಆಗಿದ್ದರೆ ‘ಈ ಹುಡುಗನಿಗೆ ಬುದ್ಧಿ ಹೇಳಬೇಕು’ ಎಂದುಕೊಳ್ಳುತ್ತಿದ್ದರು. ಅವರು ಅವನ ಹೆಸರನ್ನು ಬರೆದುಕೊಂಡರು!

ಅಲ್ಲಿಂದ ಮುಂದೆ ಅವನಿಗೆ ಒಂದೇ ಕೆಲಸ. ಉತ್ತರ ಅಮೆರಿಕದ ಹಾಕಿಯಲ್ಲಿ ಬರಿಗೈ ಕಾಳಗಕ್ಕೆ ಒಂದು ಬಗೆಯ ಮನ್ನಣೆ ಇದ್ದಿತು; ಕಾದಾಡಿದವರನ್ನು ಐದು ನಿಮಿಷ ಹೊರಗೆ ಕೂರಿಸಿ ಮತ್ತೆ ಆಟಕ್ಕೆ ಬಿಡುತ್ತಿದ್ದರು. ತಂಡದ ನಿಪುಣ ಆಟಗಾರರನ್ನು ಕಾಯುವುದಕ್ಕೆಂದೇ, ಕಾದಾಡುವುದಕ್ಕೆಂದೇ ಒಬ್ಬನನ್ನು ಇಟ್ಟುಕೊಳ್ಳುವ ವಾಡಿಕೆ ಇತ್ತು. ಮೂರು ಜೂನಿಯರ್ ತಂಡಗಳಲ್ಲಿ ಬೂಗಾರ್ಡನು ಇದನ್ನೇ ಮಾಡಿದನು. ಮಿನೆಸೋಟ ತಂಡವು ೨೦೦೧ರಲ್ಲಿ ಅವನನ್ನು ೨೦೨ನೆಯವನಾಗಿ ಆರಿಸಿತು. ದೊಡ್ಡ ಲೀಗಿನಲ್ಲಿ ಅವನು ಆಡಿದ ಪಂದ್ಯಗಳು ೨೭೭. ಹೊಡೆದ ಗೋಲುಗಳು ಮೂರು. ಅಭಿಮಾನಿಗಳಿಗೆ ಅವನೆಂದರೆ ಪ್ರಾಣ. ಮುರಿದ ಬೆರಳು, ಒಡೆದ ಮೂಗು, ನೋವು ಮರೆಸುವ ಮಾತ್ರೆ. ಮಾತ್ರೆಯಿಂದ ಬಿಡಿಸಿಕೊಳ್ಳಲಾಗದ ವ್ಯಸನ. ನ್ಯೂಯಾರ್ಕಿಗೆ ಬಂದ ವರ್ಷವೇ ಡಿಸೆಂಬರಿನಲ್ಲಿ ಒಂದು ಕಾಳಗದಲ್ಲಿ ತಲೆಗೆ ಪೆಟ್ಟು ಬಿದ್ದಿತು. ಅವನು ಮತ್ತೆ ಆಡಲಿಲ್ಲ. ೨೦೧೧ರ ಮೇ ತಿಂಗಳಲ್ಲಿ ಮದ್ಯವೂ ನೋವಿನ ಮಾತ್ರೆಯೂ ಬೆರೆತು, ತನ್ನ ಮನೆಯಲ್ಲಿಯೇ ಮೃತನಾದನು. ವಯಸ್ಸು ಇಪ್ಪತ್ತೆಂಟು. ಬಾಸ್ಟನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಅವನ ಮೆದುಳನ್ನು ಪರೀಕ್ಷಿಸಿದಾಗ, ಮೇಲಿಂದ ಮೇಲೆ ತಲೆಗೆ ಬೀಳುವ ಪೆಟ್ಟಿನಿಂದ ಬರುವ, ಸಿ.ಟಿ.ಇ. ಎಂದು ಕರೆಯುವ ವ್ಯಾಧಿಯು ಆ ವಯಸ್ಸಿಗೇ ಬಹಳ ಮುಂದುವರಿದಿದ್ದುದು ಕಂಡುಬಂದಿತು.

ಬೂಗಾರ್ಡನ ವಿಷಯದಲ್ಲಿ ಸ್ಕೌಟರ ಊಹೆ ತಪ್ಪಾಗಿತ್ತೆ? ವೃತ್ತಿಯ ದೃಷ್ಟಿಯಿಂದ ನೋಡಿದರೆ ಅದು ಸರಿಯಾದ ಊಹೆ: ಈ ಹುಡುಗನು ದೊಡ್ಡ ಲೀಗನ್ನು ಮುಟ್ಟಿಯಾನೆಂದರು, ಮುಟ್ಟಿದನು. ಅಳತೆಗೋಲಿನಲ್ಲಿಯೇ ಏನೋ ಕೊರತೆಯಿತ್ತೆಂಬುದು ಅನಂತರ ಹಲವರಿಗೆ ಹೊಳೆಯಿತು.

ಬದಲಾದ ಆಟ

ಅಳತೆಗೋಲು ಬದಲಾಗಿದೆ, ಆದರೆ ಕರುಣೆಯೊಂದರಿಂದಲೇ ಬದಲಾಯಿತೆನ್ನುವಂತಿಲ್ಲ. ಮಾಲೀಕರಿಗೂ ಆಟಗಾರರಿಗೂ ನಡೆದ ಜಗಳದಿಂದ ೨೦೦೪-೦೫ರ ಸಾಲಿನ ಪಂದ್ಯಗಳು ಪೂರ್ತಿ ನಿಂತುಹೋದುವು. ಮತ್ತೆ ಆರಂಭವಾದಾಗ, ಎದುರಾಳಿಯನ್ನು ಹಿಡಿದೆಳೆದು ನಿಧಾನಗೊಳಿಸುವ ಹಳೆಯ ಚಾಳಿಗಳನ್ನು ಬಿಗಿಯಾಗಿ ಶಿಕ್ಷಿಸತೊಡಗಿದರು; ದೂರದ ಪಾಸುಗಳಿಗೆ ಅನುಮತಿ ಸಿಕ್ಕಿತು. ಆಟಕ್ಕೆ ರೆಕ್ಕೆ ಬಂದಂತಾಯಿತು. ನಿಧಾನಗತಿಯ ದೈತ್ಯನಿಗೆ ಗುದ್ದಲು ಎದುರಾಳಿಯೇ ಕೈಗೆ ಸಿಗದಂತಾದನು. ೨೦೧೦ರಲ್ಲಿ ತಲೆಗೆ ಗುರಿಯಿಟ್ಟ ಗುದ್ದುಗಳ ಮೇಲೆ ಪ್ರತ್ಯೇಕ ನಿಯಮವಾಯಿತು. ಒಂಟಾರಿಯೋ ಲೀಗು ಒಬ್ಬ ಹುಡುಗನು ವರ್ಷಕ್ಕೆ ಹತ್ತಕ್ಕಿಂತ ಹೆಚ್ಚು ಸಲ ಕಾದಾಡಿದರೆ ಪಂದ್ಯ ನಿಷೇಧವೆಂದು ೨೦೧೨ರಲ್ಲಿ ಗೊತ್ತುಮಾಡಿ, ೨೦೧೬ರಲ್ಲಿ ಆ ಮಿತಿಯನ್ನು ಮೂರಕ್ಕೆ ಇಳಿಸಿತು. ಕ್ವಿಬೆಕ್ಕಿನ ಲೀಗು ೨೦೨೩ರಲ್ಲಿ, ಕಾದಾಡಿದವನನ್ನು ಆ ಪಂದ್ಯದಿಂದಲೇ ಹೊರಗಟ್ಟುವ ನಿಯಮ ತಂದಿತು. ಲೂಚಿಚ್‌ನಂಥ ಯಶಸ್ವಿಗೂ ಈ ವೇಗದ ಬಿಸಿ ತಟ್ಟದೆ ಇರಲಿಲ್ಲ: ೨೦೧೬ರಲ್ಲಿ ಎಡ್ಮಂಟನ್ ತಂಡವು ಅವನಿಗೆ ಏಳು ವರ್ಷಗಳ ದೊಡ್ಡ ಕರಾರು ಕೊಟ್ಟಿತು, ಮೂರನೆಯ ವರ್ಷ ಅವನು ಹೊಡೆದ ಗೋಲುಗಳು ಆರು.

ಹಾಗಾದರೆ ಬಲಿಷ್ಠನಾದ ಹುಡುಗನ ಕಾಲ ಮುಗಿಯಿತೆ? ಮುಗಿಯಲಿಲ್ಲವೆನ್ನುವುದಕ್ಕೆ ಟಾಮ್ ವಿಲ್ಸನ್ ಸಾಕ್ಷಿ. ಟೊರಾಂಟೋದ ಹುಡುಗ, ಅಮೆರಿಕದ ಮಿಷಿಗನ್ ರಾಜ್ಯದ ಪ್ಲಿಮತ್ ತಂಡದಲ್ಲಿ ಆಡುತ್ತಿದ್ದನು. ಆಯ್ಕೆಯ ವರ್ಷ ೪೯ ಪಂದ್ಯಗಳಲ್ಲಿ ಒಂಬತ್ತು ಗೋಲು. ಶಿಕ್ಷೆಯಾಗಿ ಹೊರಗೆ ಕುಳಿತದ್ದು ೧೪೧ ನಿಮಿಷ. ಕಾಗದದ ಮೇಲೆ ನೋಡಿದರೆ ಇನ್ನೊಬ್ಬ ಬೂಗಾರ್ಡನೆಂದೇ ಅನ್ನಬೇಕು. ಆದರೂ ೨೦೧೨ರಲ್ಲಿ ವಾಷಿಂಗ್ಟನ್ ತಂಡವು ಅವನನ್ನು ಹದಿನಾರನೆಯವನಾಗಿ ಆರಿಸಿತು. ಅಷ್ಟು ಎತ್ತರದ ಹುಡುಗನು ಅಷ್ಟು ಸಲೀಸಾಗಿ ಜಾರುವುದು ಅಪರೂಪ. ಕಾಗದದ ಮೇಲೆ ಕಾಣದಿದ್ದುದು ಅದು.

ಹತ್ತೊಂಬತ್ತರಲ್ಲಿ ಅವನು ದೊಡ್ಡ ಲೀಗಿಗೆ ಬಂದನು. ಆ ಕಾಲದ ಒಪ್ಪಂದದಂತೆ, ಜೂನಿಯರ್ ತಂಡದಿಂದ ಬಂದ ಆ ವಯಸ್ಸಿನವನನ್ನು ಎರಡನೆಯ ದರ್ಜೆಯ ಲೀಗಿನಲ್ಲಿಟ್ಟು ಪಳಗಿಸುವಂತಿರಲಿಲ್ಲ. ಒಂದೋ ದೊಡ್ಡ ಲೀಗು, ಇಲ್ಲವೆ ಮತ್ತೆ ಹುಡುಗರ ಆಟ. ಇಟ್ಟುಕೊಂಡರು, ದಿನಕ್ಕೆ ಕೆಲವೇ ನಿಮಿಷ ಕಣಕ್ಕೆ ಬಿಟ್ಟರು. ಮೊದಲ ವರ್ಷ ಮೂರು ಗೋಲು, ಎರಡನೆಯ ವರ್ಷ ನಾಲ್ಕು, ಮುಂದಿನ ಎರಡು ವರ್ಷ ಏಳೇಳು. ನಾಲ್ಕು ವರ್ಷಗಳಿಗೆ ಇಪ್ಪತ್ತೊಂದು! ಅಷ್ಟರಲ್ಲಿ ಎಷ್ಟು ಮಂದಿ ಅವನನ್ನು ಬರಿಯ ಗುದ್ದಾಳೆಂದು ತಳ್ಳಿಹಾಕಿರಬೇಕು. ಐದನೆಯ ವರ್ಷ ತಂಡದ ನಿಪುಣರ ಜೊತೆಗೆ ಆಡಲು ಬಿಟ್ಟರು. ಹದಿನಾಲ್ಕು ಗೋಲು ಬಂದುವು, ೨೦೧೮ರ ಸ್ಟ್ಯಾನ್ಲಿ ಕಪ್ಪೂ ಬಂದಿತು. ಆ ವರ್ಷದ ಶರತ್ಕಾಲದಲ್ಲಿಯೇ ಎದುರಾಳಿಯೊಬ್ಬನ ತಲೆಗೆ ಗುದ್ದಿ ಇಪ್ಪತ್ತು ಪಂದ್ಯಗಳ ನಿಷೇಧ ತಂದುಕೊಂಡನು. ಮಧ್ಯಸ್ಥಗಾರರು ಅದನ್ನು ಹದಿನಾಲ್ಕಕ್ಕೆ ಇಳಿಸುವಷ್ಟರಲ್ಲಿ ಹದಿನಾರು ಪಂದ್ಯ ಹೊರಗೆ ಕುಳಿತಾಗಿತ್ತು. ೨೦೨೪-೨೫ರಲ್ಲಿ, ಮೂವತ್ತು ದಾಟಿದ ಮೇಲೆ, ಅವನ ಗೋಲುಗಳು ಮೂವತ್ತಮೂರು. ಅದುವರೆಗಿನ ಅವನ ಆಟದಲ್ಲೆಲ್ಲ ಅದೇ ಅತಿ ಹೆಚ್ಚು.

ವಿಲ್ಸನ್ ಒಬ್ಬನು ಗೆದ್ದನೆಂದು ಪ್ರತಿಯೊಂದು ತಂಡವೂ ತನಗೊಬ್ಬ ವಿಲ್ಸನ್ ಬೇಕೆಂದು ಹುಡುಕುತ್ತಿರುವುದು ಹುಡುಗರ ಪಾಲಿಗೆ ಹೊಸ ಗಂಡಾಂತರ. ಅವನಂತೆ ಗುದ್ದುವ ಹುಡುಗರು ಸಿಗುತ್ತಾರೆ. ಅವನಂತೆ ಜಾರಬಲ್ಲವರು ಎಷ್ಟು ಮಂದಿ?

ಮನೆಯವರ ಲೆಕ್ಕಾಚಾರವೇ ಬೇರೆ. ಮಗನನ್ನು ಹದಿನಾರಕ್ಕೆ ಊರಾಚೆ ಕಳುಹಿಸುವ ತಾಯಿತಂದೆಗಳು ಕೇಳುವ ಮೊದಲ ಪ್ರಶ್ನೆ ಓದಿನದು. ಪಶ್ಚಿಮದ ಲೀಗಿನಲ್ಲಿ ಹುಡುಗನು ಆಡಿದ ಒಂದೊಂದು ಸಾಲಿಗೂ ಒಂದೊಂದು ವರ್ಷದ ಕಾಲೇಜು ಶುಲ್ಕವನ್ನು ಭರಿಸುವ ಏರ್ಪಾಡಿದೆ. ಅಮೆರಿಕದ ಕಾಲೇಜುಗಳ ಹಾಕಿ ಮಾತ್ರ ಇಂಥವರಿಗೆ ಬಹುಕಾಲ ಮುಚ್ಚಿದ ಬಾಗಿಲಾಗಿತ್ತು. ಜೂನಿಯರ್ ಲೀಗಿನಲ್ಲಿ ಆಡಿದವನು ವೃತ್ತಿಗಾರನೇ ಸರಿ ಎಂದು ಅಲ್ಲಿನ ಕ್ರೀಡಾಸಂಸ್ಥೆಯು ಹಟ ಹಿಡಿದಿದ್ದಿತು. ೨೦೨೪ರ ನವೆಂಬರಿನಲ್ಲಿ ಆ ನಿಯಮವನ್ನು ಕೈಬಿಡಲು ತೀರ್ಮಾನವಾಗಿ, ೨೦೨೫ರ ಆಗಸ್ಟಿನಿಂದ ಬಾಗಿಲು ತೆರೆಯಿತು. ಕಾಲ್ನಡೆ ಇನ್ನೂ ಕುದುರದ, ಮೈ ಮಾತ್ರ ಬೆಳೆದ ಹದಿನೆಂಟರ ಹುಡುಗನು ಈಗ ಕಾಲೇಜು ಸೇರಿ, ಓದುತ್ತಲೇ, ಇಪ್ಪತ್ತೆರಡು ಇಪ್ಪತ್ತಮೂರು ವರ್ಷದ ಗಂಡಸರ ಎದುರು ಆಡಬಹುದು. ಅಲ್ಲಿ ಅವನ ಗುದ್ದಿಗೆ ಎಲ್ಲರೂ ಬೀಳುವುದಿಲ್ಲ. ಟಿಪ್ಪಣಿಯ ಪುಸ್ತಕ ಹಿಡಿದವರೂ ಅವನನ್ನು ಹಿಂಬಾಲಿಸಿ ಆ ಕಣಗಳ ಮೂಲೆಗಳಲ್ಲಿ ಹೋಗಿ ಕುಳಿತಿದ್ದಾರೆ.